ನಾಯ್ಸ್ ಲೆಕ್ಕ ತಾಳೆಯಾಗುತ್ತಿಲ್ಲವೇ? ಪಿಎಸ್‌ಡಿ ಮತ್ತು ವೇರಿಯನ್ಸ್ ನಡುವಿನ ದೋಷ ಹುಡುಕುವ ಕೈಪಿಡಿ

ಒಂದೇ ನಾಯ್ಸ್ ದಾಖಲೆಗೆ ಎರಡು ದಾರಿಯಲ್ಲಿ ಲೆಕ್ಕ ಹಾಕಿದ್ದೀರಿ. ಒಂದು ಕಡೆ ಸ್ಯಾಂಪಲ್‌ಗಳಿಂದ ನೇರವಾಗಿ ತೆಗೆದ ವೇರಿಯನ್ಸ್ (ಸರಾಸರಿಯಿಂದ ಸ್ಯಾಂಪಲ್‌ಗಳು ಎಷ್ಟು ದೂರ ಎಂಬುದರ ವರ್ಗಗಳ ಸರಾಸರಿ) ಇದೆ. ಇನ್ನೊಂದು ಕಡೆ ಪವರ್ ಸ್ಪೆಕ್ಟ್ರಲ್ ಡೆನ್ಸಿಟಿ, ಅಂದರೆ ಪ್ರತಿ ಹರ್ಟ್ಜ್ ಅಗಲದಲ್ಲಿ ಎಷ್ಟು ಶಕ್ತಿಯಿದೆ ಎಂದು ತೋರಿಸುವ ಪಿಎಸ್‌ಡಿ ಗೆರೆಯ ಕೆಳಗಿನ ವಿಸ್ತೀರ್ಣ ಇದೆ. ಸಿಗ್ನಲ್‌ನ ಸರಾಸರಿ ಸೊನ್ನೆ ಇದ್ದರೆ ಇವೆರಡೂ ಒಂದೇ ಸಂಖ್ಯೆ ಕೊಡಬೇಕು. ಕೊಡುತ್ತಿಲ್ಲ.

ಕೊಡಲೇಬೇಕು ಎನ್ನುವುದಕ್ಕೆ ಗಟ್ಟಿಯಾದ ಕಾರಣವಿದೆ. ಸಿಗ್ನಲ್‌ನ ಆಟೋಕೋರಿಲೇಶನ್‌ಗೆ (ಸಿಗ್ನಲ್ ತನ್ನದೇ ತಡವಾದ ಪ್ರತಿಯನ್ನು ಎಷ್ಟು ಹೋಲುತ್ತದೆ ಎಂಬ ಅಳತೆಗೆ) ಫೋರಿಯರ್ ಟ್ರಾನ್ಸ್‌ಫಾರ್ಮ್ ಮಾಡಿದರೆ ಪಿಎಸ್‌ಡಿ ಬರುತ್ತದೆ. 1930ರಲ್ಲಿ ವೀನರ್, 1934ರಲ್ಲಿ ಖಿಂಚಿನ್ ಇದನ್ನು ಭದ್ರ ತಳಹದಿಯ ಮೇಲೆ ನಿಲ್ಲಿಸಿದರು. ಪಿಎಸ್‌ಡಿಯನ್ನು ಎಲ್ಲ ಫ್ರೀಕ್ವೆನ್ಸಿಗಳ ಮೇಲೆ ಕೂಡಿಸಿದರೆ ಸೊನ್ನೆ ವಿಳಂಬದ ಆಟೋಕೋರಿಲೇಶನ್ ಸಿಗುತ್ತದೆ, ಅದು ವರ್ಗಗಳ ಸರಾಸರಿಯೇ. ಸರಾಸರಿ ಸೊನ್ನೆಯಾಗಿದ್ದರೆ ಅದೇ ವೇರಿಯನ್ಸ್. ಹಾಗಾಗಿ ತಾಳೆಯಾಗದಿದ್ದರೆ ಗಣಿತವನ್ನು ಅನುಮಾನಿಸಬೇಕಿಲ್ಲ; ಯಾವುದೋ ಒಂದು ಹಂತದಲ್ಲಿ ಎತ್ತರವನ್ನು ವಿಸ್ತೀರ್ಣ ಎಂದೋ, ವಿಸ್ತೀರ್ಣವನ್ನು ಎತ್ತರ ಎಂದೋ ಓದಲಾಗಿದೆ. ಪಿಎಸ್‌ಡಿ ಎತ್ತರ. ವೇರಿಯನ್ಸ್ ವಿಸ್ತೀರ್ಣ. ಒಂದರಿಂದ ಇನ್ನೊಂದಕ್ಕೆ ಹೋಗಲು ನಡುವೆ ಒಂದು ಬ್ಯಾಂಡ್‌ವಿಡ್ತ್ ಬೇಕು, ಮತ್ತು ಅದು ಯಾವ ಬ್ಯಾಂಡ್‌ವಿಡ್ತ್ ಎಂದು ಹೇಳಲು ನಿಮಗೆ ಬರಬೇಕು.

ನೆಮ್ಮದಿಯ ವಿಷಯವೆಂದರೆ ಈ ದೋಷಗಳು ಹೇಗೆ ಬೇಕೋ ಹಾಗೆ ಬರುವುದಿಲ್ಲ. ಪಿಎಸ್‌ಡಿಯ ವಿಸ್ತೀರ್ಣವನ್ನು ವೇರಿಯನ್ಸ್‌ನಿಂದ ಭಾಗಿಸಿ. ಬಂದ ಅನುಪಾತ ಬಹಳ ಸಲ ತಪ್ಪಿನ ಹೆಸರನ್ನೇ ಹೇಳುತ್ತದೆ. ಅದಕ್ಕೇ ಕೋಡ್ ಬದಲಿಸುವ ಮೊದಲು ಅನುಪಾತವನ್ನು ಬರೆದಿಟ್ಟುಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. ಅಂದಾಜಿನ ಮೇಲೆ ಎಲ್ಲೋ ಒಂದು 2 ಗುಣಿಸಿ, ಸಂಖ್ಯೆ ಸರಿಹೊಂದಿತು ಎಂದು ಮುಂದೆ ಹೋಗುವುದು ಈ ಕೆಲಸದಲ್ಲಿ ಅತ್ಯಂತ ಅಪಾಯದ ಅಭ್ಯಾಸ. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡು ಕೂತರೆ ಮುಂದಿನ ಸಲ ಸ್ಯಾಂಪ್ಲಿಂಗ್ ದರ ಬದಲಾದಾಗ ಎರಡೂ ಒಟ್ಟಿಗೆ ಹೊರಬೀಳುತ್ತವೆ.

ಮೊದಲ ಪರೀಕ್ಷೆ: ಉತ್ತರ ಗೊತ್ತಿರುವ ನಾಯ್ಸ್ ಹಾಕಿ

ನಿಮ್ಮ ಅಳತೆಯ ಡೇಟಾವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಕಂಪ್ಯೂಟರ್‌ನಲ್ಲಿ ಸರಾಸರಿ ಸೊನ್ನೆ, ವೇರಿಯನ್ಸ್ 1 ಇರುವ, ಒಂದಕ್ಕೊಂದು ಸಂಬಂಧವಿಲ್ಲದ ಒಂದು ಲಕ್ಷ ಸ್ಯಾಂಪಲ್‌ಗಳನ್ನು ಹುಟ್ಟಿಸಿ. ಸ್ಯಾಂಪ್ಲಿಂಗ್ ದರ 1000 ಹರ್ಟ್ಜ್ ಎಂದು ಹೇಳಿ ಅದೇ ಪಿಎಸ್‌ಡಿ ಕೋಡ್‌ಗೆ ಕೊಡಿ. ನೈಕ್ವಿಸ್ಟ್ ಮಿತಿ, ಅಂದರೆ ಸ್ಯಾಂಪ್ಲಿಂಗ್ ದರದ ಅರ್ಧ, 500 ಹರ್ಟ್ಜ್. ವಿಸ್ತೀರ್ಣ 1 ಆಗಬೇಕಾದರೆ 0ಯಿಂದ 500ರವರೆಗಿನ ಒಂದು ಬದಿಯ ಪಿಎಸ್‌ಡಿ 1 ÷ 500, ಅಂದರೆ 0.002ರ ಎತ್ತರದಲ್ಲಿ ಚಪ್ಪಟೆಯಾಗಿರಬೇಕು. −500ರಿಂದ +500ರವರೆಗೆ ಹರಡಿದ ಎರಡು ಬದಿಯ ಪಿಎಸ್‌ಡಿಯಾದರೆ 0.001.

ಇದಕ್ಕೆ ಕಾಸು ಖರ್ಚಿಲ್ಲ, ಉಪಕರಣ ಬೇಡ. ಇಲ್ಲಿ ಸರಿಯಾದ ಎತ್ತರ ಬಂದರೆ ಕೋಡ್ ಸರಿಯಿದೆ, ದೋಷ ಡೇಟಾದಲ್ಲಿ ಅಥವಾ ಯಂತ್ರಾಂಶದಲ್ಲಿದೆ. ಬರದಿದ್ದರೆ ಸೋಲ್ಡರಿಂಗ್ ಐರನ್ ಮುಟ್ಟುವ ಅಗತ್ಯವೇ ಇಲ್ಲ.

ಇದರ ಜೊತೆಗೇ ಏಕಮಾನ ನೋಡಿ. ಪಿಎಸ್‌ಡಿಯ ಏಕಮಾನ ವೋಲ್ಟ್² / ಹರ್ಟ್ಜ್. ಆದರೆ ಆಂಪ್ಲಿಫೈಯರ್‌ಗಳ ಡೇಟಾಶೀಟ್‌ಗಳು ಅದರ ವರ್ಗಮೂಲವನ್ನು, ಅಂದರೆ ನ್ಯಾನೋವೋಲ್ಟ್ / √ಹರ್ಟ್ಜ್ ಅನ್ನು ಕೊಡುತ್ತವೆ. ಇದನ್ನು ನೇರವಾಗಿ ಬ್ಯಾಂಡ್‌ವಿಡ್ತ್‌ನಿಂದ ಗುಣಿಸಬಾರದು. ಮೊದಲು ವರ್ಗ ಮಾಡಿ, ಆಮೇಲೆ ಬ್ಯಾಂಡ್‌ವಿಡ್ತ್‌ನಿಂದ ಗುಣಿಸಿ, ಸಿಗುವುದು ವೇರಿಯನ್ಸ್. ಆರ್‌ಎಂಎಸ್ ಬೇಕಿದ್ದರೆ ಮತ್ತೆ ವರ್ಗಮೂಲ ತೆಗೆಯಿರಿ. ಡೆಸಿಬಲ್‌ನಲ್ಲಿ ಬರೆದ ಗೆರೆಯಿದ್ದರೆ ಅದನ್ನು ಮರಳಿ ಸಾಮಾನ್ಯ ಸಂಖ್ಯೆಗೆ ತಂದ ಮೇಲೆಯೇ ಕೂಡಿಸಬೇಕು.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ಗಾಸಿಯನ್ ವೈಟ್ ನಾಯ್ಸ್‌ನ 1000 ಸ್ಯಾಂಪಲ್‌ಗಳಿಂದ ತೆಗೆದ ವೇರಿಯನ್ಸ್ ತಾನೇ ಸುಮಾರು 4.5 ಪ್ರತಿಶತ ಅಲ್ಲಾಡುತ್ತದೆ. ಆ ಅಲ್ಲಾಟ √(2 ÷ ಸ್ಯಾಂಪಲ್‌ಗಳ ಸಂಖ್ಯೆ) ಎಂಬ ಲೆಕ್ಕದಲ್ಲಿ ಇಳಿಯುತ್ತದೆ. ಒಂದು ಲಕ್ಷ ಸ್ಯಾಂಪಲ್‌ಗಳಿಗೆ ಅರ್ಧ ಪ್ರತಿಶತಕ್ಕಿಂತ ಕಡಿಮೆ. ಸೈದ್ಧಾಂತಿಕ ಬೆಲೆಯಿಂದ 3 ಪ್ರತಿಶತ ದೂರವಿದೆ ಎಂದು ಸಣ್ಣ ದಾಖಲೆಯೊಂದರ ಮೇಲೆ ರಾತ್ರಿಯೆಲ್ಲ ಕೂರಬೇಡಿ.

ಲಕ್ಷಣ: ಸರಿಯಾಗಿ ಎರಡು ಪಟ್ಟು, ಇಲ್ಲವೇ ಸರಿಯಾಗಿ ಅರ್ಧ

3 ಡೆಸಿಬಲ್ ವ್ಯತ್ಯಾಸ. ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ ಇದೇ. ಕಾರಣ ಒಂದು ಬದಿ, ಎರಡು ಬದಿಗಳ ಗೊಂದಲ.

ನೈಜ ಸಿಗ್ನಲ್‌ನ ಪಿಎಸ್‌ಡಿ ಸೊನ್ನೆಯ ಎರಡೂ ಕಡೆ ಸಮವಾಗಿರುತ್ತದೆ. ಹಾಗಾಗಿ ಋಣ ಫ್ರೀಕ್ವೆನ್ಸಿಗಳ ಅರ್ಧವನ್ನು ಧನ ಫ್ರೀಕ್ವೆನ್ಸಿಗಳ ಮೇಲೆ ಮಡಚಿ ಎತ್ತರವನ್ನು ಇಮ್ಮಡಿ ಮಾಡುವುದು ರೂಢಿ. ಸಂಪರ್ಕ ವ್ಯವಸ್ಥೆಗಳ ಪಾಠದಲ್ಲಿ ಎರಡು ಬದಿಯ ಎತ್ತರವನ್ನು ಎನ್-ಸೊನ್ನೆಯ ಅರ್ಧ ಎಂದು, ಒಂದು ಬದಿಯದ್ದನ್ನು ಎನ್-ಸೊನ್ನೆ ಎಂದು ಬರೆಯುತ್ತಾರೆ. ರೆಸಿಸ್ಟರ್‌ನ ಉಷ್ಣ ನಾಯ್ಸ್‌ಗೆ ಬಳಸುವ 4 × ಬೋಲ್ಟ್ಸ್‌ಮನ್ ಸ್ಥಿರಾಂಕ × ತಾಪ × ರೋಧ ಎನ್ನುವ ಸೂತ್ರ ಒಂದು ಬದಿಯದ್ದು. ಎರಡು ಬದಿಯಲ್ಲಿ ಬರೆದರೆ 4ರ ಜಾಗದಲ್ಲಿ 2 ಬರುತ್ತದೆ. ಎರಡೂ ಸರಿ. ಒಂದರ ಎತ್ತರಕ್ಕೆ ಇನ್ನೊಂದರ ಅಗಲ ಸೇರಿಸಿದಾಗ ಮಾತ್ರ ತಪ್ಪು.

ನೆನಪಿಡಬೇಕಾದ ಎರಡು ಸಾಲು:

ವೇರಿಯನ್ಸ್ = ಒಂದು ಬದಿಯ ಎತ್ತರ × ಸ್ಯಾಂಪ್ಲಿಂಗ್ ದರ ÷ 2
ವೇರಿಯನ್ಸ್ = ಎರಡು ಬದಿಯ ಎತ್ತರ × ಸ್ಯಾಂಪ್ಲಿಂಗ್ ದರ

ಇವು ಚಪ್ಪಟೆ ನಾಯ್ಸ್‌ಗೆ ಮಾತ್ರ. ಗೆರೆ ಏರಿಳಿಯುತ್ತಿದ್ದರೆ ಪ್ರತಿ ಬಿನ್‌ನ (ಎಫ್‌ಎಫ್‌ಟಿ, ಅಂದರೆ ಫಾಸ್ಟ್ ಫೋರಿಯರ್ ಟ್ರಾನ್ಸ್‌ಫಾರ್ಮ್ ಕೊಡುವ ಒಂದೊಂದು ಫ್ರೀಕ್ವೆನ್ಸಿ ಖಾನೆಯ) ಎತ್ತರವನ್ನು ಬಿನ್ ಅಗಲದಿಂದ ಗುಣಿಸಿ ಕೂಡಿಸಿ. ಒಂದು ಬದಿಗೆ ಮಡಚುವಾಗ ಸೊನ್ನೆ ಹರ್ಟ್ಜ್‌ನ ಬಿನ್ ಮತ್ತು, ಬಿಂದುಗಳ ಸಂಖ್ಯೆ ಸಮವಾಗಿದ್ದರೆ, ನೈಕ್ವಿಸ್ಟ್ ಬಿನ್ ಇಮ್ಮಡಿಯಾಗಬಾರದು, ಅವಕ್ಕೆ ಜೋಡಿಯಿಲ್ಲ. ಉದ್ದ ಎಫ್‌ಎಫ್‌ಟಿಯಲ್ಲಿ ಈ ತಪ್ಪು ಕಣ್ಣಿಗೆ ಬೀಳುವುದೂ ಇಲ್ಲ.

ಡಿಜಿಟಲ್ ಸಂಪರ್ಕದ ಸಿಮ್ಯುಲೇಶನ್ ಮಾಡುವವರಿಗೆ ಈ ದೋಷ ಬಿಟ್ ದೋಷದ ಗ್ರಾಫ್‌ನಲ್ಲಿ ಕಾಣುತ್ತದೆ: ಇಡೀ ಗೆರೆ 3 ಡೆಸಿಬಲ್ ಪಕ್ಕಕ್ಕೆ ಸರಿದಿರುತ್ತದೆ. ಒಂದು ಬಿಟ್‌ಗೆ ಅಲೆಯ ಎರಡು ವಿರುದ್ಧ ಫೇಸ್ ಬಳಸುವ ಬಿಪಿಎಸ್‌ಕೆ ವಿಧಾನಕ್ಕೆ ಬಿಟ್ ಶಕ್ತಿ ಮತ್ತು ಎನ್-ಸೊನ್ನೆಯ ಅನುಪಾತ 0 ಡೆಸಿಬಲ್ ಇದ್ದಾಗ ದೋಷದ ಸಂಭವನೀಯತೆ ಸುಮಾರು 0.079. ನಿಮಗೆ 0.159 ಬರುತ್ತಿದ್ದರೆ ನೈಜ ಅಕ್ಷದ ಮೇಲೆ ಎನ್-ಸೊನ್ನೆಯಷ್ಟು ವೇರಿಯನ್ಸ್ ಹಾಕಿದ್ದೀರಿ. ಹಾಕಬೇಕಾದ್ದು ಅದರ ಅರ್ಧ. 0.023 ಬರುತ್ತಿದ್ದರೆ ಅರ್ಧವನ್ನೂ ಮತ್ತೊಮ್ಮೆ ಅರ್ಧ ಮಾಡಿದ್ದೀರಿ. ಕಾಂಪ್ಲೆಕ್ಸ್ ನಾಯ್ಸ್‌ನಲ್ಲಿ ಒಟ್ಟು ವೇರಿಯನ್ಸ್ ಎನ್-ಸೊನ್ನೆ, ನೈಜ ಮತ್ತು ಕಾಲ್ಪನಿಕ ಭಾಗಗಳಿಗೆ ಅರ್ಧರ್ಧ. ಇಲ್ಲಿ ಮ್ಯಾಚ್ಡ್ ಫಿಲ್ಟರ್‌ನ (ಕಳಿಸಿದ ಪಲ್ಸ್‌ನ ಆಕಾರಕ್ಕೆ ಹೊಂದಿಸಿದ ರಿಸೀವರ್ ಫಿಲ್ಟರ್‌ನ) ಶಕ್ತಿ 1 ಎಂದು ಹಿಡಿದಿದ್ದೇನೆ. ಹಾಗಿಲ್ಲದಿದ್ದರೆ ಹೊರಬರುವ ವೇರಿಯನ್ಸ್ ಅಂದರೆ ಎರಡು ಬದಿಯ ಎತ್ತರವನ್ನು ಫಿಲ್ಟರ್‌ನ ಶಕ್ತಿಯಿಂದ ಗುಣಿಸಿದ್ದು.

ಲಕ್ಷಣ: ಅನುಪಾತ ವಿಚಿತ್ರವಾಗಿದೆ, ಆದರೆ ಪ್ರತಿಸಲ ಅದೇ ಬರುತ್ತದೆ

*0.375.* ಡೇಟಾದ ಎರಡು ತುದಿಗಳನ್ನು ಮೆಲ್ಲಗೆ ಸೊನ್ನೆಗೆ ಇಳಿಸುವ ಹ್ಯಾನ್ ವಿಂಡೋ ಹಾಕಿದ್ದೀರಿ, ಅದು ತಿಂದ ಶಕ್ತಿಯನ್ನು ಮರಳಿ ಕೊಟ್ಟಿಲ್ಲ. ಹ್ಯಾನ್ ವಿಂಡೋದ ವರ್ಗಗಳ ಸರಾಸರಿ 3 ÷ 8. ಎಫ್‌ಎಫ್‌ಟಿಯ ವರ್ಗವನ್ನು ಬಿಂದುಗಳ ಸಂಖ್ಯೆ × ಸ್ಯಾಂಪ್ಲಿಂಗ್ ದರದಿಂದ ಭಾಗಿಸುವ ಬದಲು, ವಿಂಡೋ ವರ್ಗಗಳ ಮೊತ್ತ × ಸ್ಯಾಂಪ್ಲಿಂಗ್ ದರದಿಂದ ಭಾಗಿಸಿ.

*1.5.* ಇದೂ ಹ್ಯಾನ್ ವಿಂಡೋದ್ದೇ ಗುರುತು, ಆದರೆ ಬೇರೆ ದೋಷ. ವಿಂಡೋ ಮೊತ್ತದ ವರ್ಗದಿಂದ ಭಾಗಿಸಿದ ಸ್ಪೆಕ್ಟ್ರಮ್‌ನ ಬಿನ್‌ಗಳನ್ನು ಹಾಗೇ ಕೂಡಿಸಿದ್ದೀರಿ. ಸೈನ್ ಅಲೆಯ ಶಕ್ತಿಯನ್ನು ಶಿಖರದಿಂದಲೇ ಓದಲು ಮಾಡಿದ ಅಳತೆಗೋಲು ಅದು, ನಾಯ್ಸ್‌ಗಲ್ಲ. ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿ ಪಿಎಸ್‌ಡಿ ತೆಗೆಯುವ ವೆಲ್ಚ್ ಫಂಕ್ಷನ್‌ನ ಸ್ಕೇಲಿಂಗ್ ಆಯ್ಕೆಗೆ 'ಡೆನ್ಸಿಟಿ' ಮತ್ತು 'ಸ್ಪೆಕ್ಟ್ರಮ್' ಎಂಬ ಎರಡು ಬೆಲೆಗಳಿವೆ. ವೇರಿಯನ್ಸ್ ಜೊತೆ ತಾಳೆ ನೋಡಲು ಮೊದಲನೆಯದೇ ಬೇಕು.

*6.28 ಅಥವಾ 0.159.* ಒಂದು ಕಡೆ ಹರ್ಟ್ಜ್, ಇನ್ನೊಂದು ಕಡೆ ರೇಡಿಯನ್ ಪ್ರತಿ ಸೆಕೆಂಡ್. ಕೋನೀಯ ಫ್ರೀಕ್ವೆನ್ಸಿಯ ಮೇಲೆ ಕೂಡಿಸುವಾಗ 2π ಇಂದ ಭಾಗಿಸಬೇಕಿತ್ತು. ಡೆಸಿಬಲ್‌ನಲ್ಲಿ ಸುಮಾರು 8ರ ವ್ಯತ್ಯಾಸ ಕಂಡರೆ ಇದನ್ನೇ ಮೊದಲು ನೋಡಿ.

*0.56.* ಇದನ್ನು ಪತ್ತೆ ಹಚ್ಚುವವರು ಕಡಿಮೆ. ಗೆರೆಗಳನ್ನು ಡೆಸಿಬಲ್‌ಗೆ ಬದಲಿಸಿದ ಮೇಲೆ ಸರಾಸರಿ ತೆಗೆದಿದ್ದೀರಿ. ಗಾಸಿಯನ್ ನಾಯ್ಸ್‌ನ ಒಂದೊಂದೇ ಪೀರಿಯಡೋಗ್ರಾಮ್‌ನ (ಒಂದೇ ಎಫ್‌ಎಫ್‌ಟಿಯಿಂದ ತೆಗೆದ ಪಿಎಸ್‌ಡಿಯ) ಡೆಸಿಬಲ್ ಸರಾಸರಿ, ನಿಜವಾದ ಎತ್ತರಕ್ಕಿಂತ 2.51 ಡೆಸಿಬಲ್ ಕೆಳಗೆ ಕೂರುತ್ತದೆ. ಎಷ್ಟು ಸರಾಸರಿ ಮಾಡಿದರೂ ಅದು ಮೇಲೆ ಬರುವುದಿಲ್ಲ. ಸ್ಪೆಕ್ಟ್ರಮ್ ಅನಲೈಜರ್‌ನಲ್ಲಿ ಲಾಗ್ ಸರಾಸರಿ ಇಟ್ಟು ನಾಯ್ಸ್ ಅಳೆದರೂ ಇದೇ ಗತಿ. ಪವರ್ ಸರಾಸರಿಗೆ, ಅಂದರೆ ಆರ್‌ಎಂಎಸ್ ಡಿಟೆಕ್ಟರ್‌ಗೆ ಬದಲಿಸಿ.

*ಸಾವಿರಗಳಲ್ಲಿ ಅಥವಾ ಸಾವಿರದಲ್ಲೊಂದು ಪಾಲಿನಲ್ಲಿ.* ಸ್ಯಾಂಪ್ಲಿಂಗ್ ದರವನ್ನು ಫಂಕ್ಷನ್‌ಗೆ ತಿಳಿಸಿಲ್ಲ, ಅದು 1 ಎಂದುಕೊಂಡಿದೆ. ಅಥವಾ ಎಫ್‌ಎಫ್‌ಟಿಯ ಬಿಂದುಗಳ ಸಂಖ್ಯೆಯಿಂದ ಭಾಗಿಸುವುದು ಬಿಟ್ಟುಹೋಗಿದೆ. ಅನುಪಾತ ಈ ಎರಡರಲ್ಲಿ ಯಾವುದಕ್ಕೆ ಸಮ ಎಂದು ನೋಡಿದರೆ ಸಾಕು.

ಲಕ್ಷಣ: ವೇರಿಯನ್ಸ್ ದೊಡ್ಡದು, ಪಿಎಸ್‌ಡಿಯ ವಿಸ್ತೀರ್ಣ ಚಿಕ್ಕದು, ಅನುಪಾತವೂ ಸ್ಥಿರವಲ್ಲ

ಮೊದಲು ಕೇಳಬೇಕಾದ್ದು: ನೀವು ವೇರಿಯನ್ಸ್ ತೆಗೆದಿರೋ, ವರ್ಗಗಳ ಸರಾಸರಿ ತೆಗೆದಿರೋ? ಆಫ್‌ಸೆಟ್ 1 ವೋಲ್ಟ್ ಇದ್ದು ನಾಯ್ಸ್ 10 ಮಿಲಿವೋಲ್ಟ್ ಆರ್‌ಎಂಎಸ್ ಇದ್ದರೆ, ವರ್ಗಗಳ ಸರಾಸರಿ ವೇರಿಯನ್ಸ್‌ಗಿಂತ ಹತ್ತು ಸಾವಿರ ಪಟ್ಟು ದೊಡ್ಡದು.

ಅದು ಸರಿಯಿದ್ದರೆ ನಿಧಾನದ ಚಲನೆ ಹುಡುಕಿ. ಸೈಪೈನ ವೆಲ್ಚ್ ಫಂಕ್ಷನ್ ಬೇರೇನೂ ಹೇಳದಿದ್ದರೆ 256 ಬಿಂದುಗಳ ತುಂಡು ತೆಗೆದುಕೊಂಡು, ಪ್ರತಿ ತುಂಡಿನ ಸರಾಸರಿಯನ್ನೂ ಕಳೆಯುತ್ತದೆ. ತುಂಡಿಗಿಂತ ನಿಧಾನವಾಗಿ ಏರುವ ತಾಪದ ಜಾರಿಕೆ ಇದರಲ್ಲಿ ಬಹುಪಾಲು ಅಳಿಸಿಹೋಗುತ್ತದೆ. ಆದರೆ ಇಡೀ ದಾಖಲೆಯ ವೇರಿಯನ್ಸ್‌ನಲ್ಲಿ ಅದು ಪೂರ್ತಿ ಇರುತ್ತದೆ. ಪರೀಕ್ಷೆ ಸುಲಭ: ತುಂಡಿನ ಉದ್ದ ನಾಲ್ಕು ಪಟ್ಟು, ಹದಿನಾರು ಪಟ್ಟು ಮಾಡುತ್ತ ಹೋಗಿ. ವಿಸ್ತೀರ್ಣ ಮೆಲ್ಲಗೆ ವೇರಿಯನ್ಸ್ ಕಡೆಗೆ ಏರಿದರೆ ಕಾಣೆಯಾದ ಶಕ್ತಿ ತಗ್ಗಿನ ಫ್ರೀಕ್ವೆನ್ಸಿಯಲ್ಲಿತ್ತು. ಆಗ ನೀವು ನಿರ್ಧರಿಸಬೇಕು, ಆ ಜಾರಿಕೆ ನಿಮ್ಮ ಪಾಲಿಗೆ ನಾಯ್ಸೋ, ಅಲ್ಲವೋ. ಅದನ್ನು ಕೋಡ್ ನಿರ್ಧರಿಸಲಾರದು.

ಲಕ್ಷಣ: ದಾಖಲೆ ಎಷ್ಟು ಉದ್ದ ಮಾಡಿದರೂ ಪಿಎಸ್‌ಡಿ ಗರಗಸದ ಹಲ್ಲಿನಂತೆಯೇ ಇದೆ

ಇಲ್ಲಿ ಕೆಟ್ಟಿರುವುದು ಏನೂ ಇಲ್ಲ. ಒಂದೇ ಎಫ್‌ಎಫ್‌ಟಿಯಿಂದ ತೆಗೆದ ಪೀರಿಯಡೋಗ್ರಾಮ್‌ನಲ್ಲಿ ಪ್ರತಿ ಬಿನ್‌ನ ಅಲ್ಲಾಟ ಆ ಬಿನ್‌ನ ನಿಜವಾದ ಎತ್ತರದಷ್ಟೇ ಇರುತ್ತದೆ. ದಾಖಲೆ ಹತ್ತು ಪಟ್ಟು ಉದ್ದವಾದರೆ ಹತ್ತು ಪಟ್ಟು ಬಿನ್‌ಗಳು ಸಿಗುತ್ತವೆಯೇ ಹೊರತು ಪ್ರತಿ ಬಿನ್ ಶಾಂತವಾಗುವುದಿಲ್ಲ. 1967ರಲ್ಲಿ ವೆಲ್ಚ್ ಮಂಡಿಸಿದ ವಿಧಾನ ಜನಪ್ರಿಯವಾದದ್ದು ಇದೇ ಕಾರಣಕ್ಕೆ: ದಾಖಲೆಯನ್ನು ಒಂದರ ಮೇಲೊಂದು ಸ್ವಲ್ಪ ಹಾಯುವ ತುಂಡುಗಳಾಗಿ ಕತ್ತರಿಸಿ, ಅವುಗಳ ಪೀರಿಯಡೋಗ್ರಾಮ್‌ಗಳ ಸರಾಸರಿ ತೆಗೆಯುವುದು. ಸ್ವತಂತ್ರವಾದ 100 ತುಂಡುಗಳಿದ್ದರೆ ಅಲ್ಲಾಟ 10 ಪ್ರತಿಶತಕ್ಕೆ ಇಳಿಯುತ್ತದೆ.

ಗೆರೆ ಎಷ್ಟೇ ಒರಟಾಗಿದ್ದರೂ ಅದರ ವಿಸ್ತೀರ್ಣ ಚೆನ್ನಾಗಿಯೇ ಇರುತ್ತದೆ. ವಿಂಡೋ ಇಲ್ಲದ ಪೀರಿಯಡೋಗ್ರಾಮ್‌ನ ಬಿನ್‌ಗಳನ್ನು ಕೂಡಿಸಿದರೆ ಪಾರ್ಸೆವಲ್ ಪ್ರಮೇಯದ ಪ್ರಕಾರ ವರ್ಗಗಳ ಸರಾಸರಿ ಚಾಚೂ ತಪ್ಪದೆ ಬರಬೇಕು, ದಶಮಾಂಶದ ಕೊನೆಯ ಸ್ಥಾನಗಳವರೆಗೆ. ನನ್ನ ದೃಷ್ಟಿಯಲ್ಲಿ ಎಲ್ಲ ಪರೀಕ್ಷೆಗಳಲ್ಲಿ ಇದು ಅತ್ಯಂತ ನಂಬಿಕಸ್ಥವಾದದ್ದು, ಏಕೆಂದರೆ ಇದರಲ್ಲಿ ಅಂಕಿಅಂಶದ ಅನಿಶ್ಚಿತತೆಯೇ ಇಲ್ಲ. ಒಂದು ಎಚ್ಚರ: ಟ್ರಾಪಿಜಾಯ್ಡ್ ವಿಧಾನದಿಂದ ಕೂಡಿಸಿದರೆ ಎರಡು ತುದಿಯ ಬಿನ್‌ಗಳ ಅರ್ಧ ಕಳೆದುಹೋಗುತ್ತದೆ. ನೇರ ಮೊತ್ತ × ಬಿನ್ ಅಗಲ ಬಳಸಿ.

ಲಕ್ಷಣ: ಸ್ಯಾಂಪ್ಲಿಂಗ್ ದರ ಅಥವಾ ಟೈಮ್ ಸ್ಟೆಪ್ ಬದಲಿಸಿದರೆ ಸಿಮ್ಯುಲೇಶನ್‌ನ ಫಲಿತಾಂಶವೇ ಬದಲಾಗುತ್ತದೆ

ಇದು ನನಗೆ ಎಲ್ಲಕ್ಕಿಂತ ಗಂಭೀರವೆನಿಸುವ ದೋಷ. ಉಳಿದವು ಸಂಖ್ಯೆಯನ್ನು ಕೆಡಿಸುತ್ತವೆ, ಇದು ತೀರ್ಮಾನವನ್ನೇ ಕೆಡಿಸುತ್ತದೆ.

ಪ್ರಕೃತಿಯಲ್ಲಿ ಸ್ಥಿರವಾಗಿರುವುದು ಸಾಂದ್ರತೆ, ಅಂದರೆ ಪಿಎಸ್‌ಡಿಯ ಎತ್ತರ. ರೆಸಿಸ್ಟರ್‌ಗೆ ನಿಮ್ಮ ಸ್ಯಾಂಪ್ಲಿಂಗ್ ದರ ಗೊತ್ತಿಲ್ಲ. ಆದರೆ ರ‍್ಯಾಂಡಮ್ ಸಂಖ್ಯೆ ಹುಟ್ಟಿಸುವ ಫಂಕ್ಷನ್‌ಗೆ ನೀವು ಕೊಡುವುದು ವೇರಿಯನ್ಸ್. ಅದನ್ನು ಸ್ಥಿರವಾಗಿಟ್ಟು ದರ ಹೆಚ್ಚಿಸಿದರೆ ಅಷ್ಟೇ ಶಕ್ತಿ ಹೆಚ್ಚು ಅಗಲದ ಬ್ಯಾಂಡ್‌ನಲ್ಲಿ ತೆಳುವಾಗಿ ಹರಡುತ್ತದೆ, ಸಾಂದ್ರತೆ ಇಳಿಯುತ್ತದೆ.

ಸಂಖ್ಯೆಯಲ್ಲಿ ನೋಡೋಣ. ಎರಡು ಬದಿಯ ಸಾಂದ್ರತೆ 0.000001 ವೋಲ್ಟ್² / ಹರ್ಟ್ಜ್ ಬೇಕು. ದರ 10 ಕಿಲೋಹರ್ಟ್ಜ್ ಇದ್ದರೆ ಸ್ಯಾಂಪಲ್‌ನ ವೇರಿಯನ್ಸ್ 0.01 ವೋಲ್ಟ್², ಆರ್‌ಎಂಎಸ್ 100 ಮಿಲಿವೋಲ್ಟ್. ದರ 100 ಕಿಲೋಹರ್ಟ್ಜ್ ಆದರೆ ವೇರಿಯನ್ಸ್ 0.1 ವೋಲ್ಟ್² ಆಗಬೇಕು, ಆರ್‌ಎಂಎಸ್ 316 ಮಿಲಿವೋಲ್ಟ್. ಸ್ಯಾಂಪಲ್‌ಗಳು ಮೊದಲಿಗಿಂತ ಹೆಚ್ಚು ಗದ್ದಲದಿಂದ ಕಾಣುತ್ತವೆ, ಮತ್ತು ಅದೇ ಸರಿ. ಎರಡಕ್ಕೂ 1 ಕಿಲೋಹರ್ಟ್ಜ್‌ನ ಆದರ್ಶ ಲೋಪಾಸ್ ಫಿಲ್ಟರ್ ಹಾಕಿದರೆ ವೇರಿಯನ್ಸ್ 2 × 1000 × 0.000001, ಅಂದರೆ 0.002 ವೋಲ್ಟ್², ಎರಡರಲ್ಲೂ ಒಂದೇ. ಬದಲಿಗೆ 0.01 ಅನ್ನೇ ಉಳಿಸಿಕೊಂಡು ದರ ಹೆಚ್ಚಿಸಿದ್ದರೆ ಫಿಲ್ಟರ್‌ನ ಆಚೆ 0.0002 ಬರುತ್ತಿತ್ತು. ದರ ಹೆಚ್ಚಿಸಿದ್ದರಿಂದ 10 ಡೆಸಿಬಲ್ ಲಾಭವಾಯಿತು ಎಂದು ವರದಿ ಬರೆಯುತ್ತೀರಿ. ಅಂಥ ಲಾಭ ಇಲ್ಲವೇ ಇಲ್ಲ.

ಬ್ಯಾಂಡ್‌ವಿಡ್ತ್‌ಗೆ ಮಿತಿಯೇ ಇಲ್ಲದ ವೈಟ್ ನಾಯ್ಸ್‌ನ ವೇರಿಯನ್ಸ್ ಅನಂತ ಎಂಬ ಮಾತು ಇಲ್ಲಿ ಅರ್ಥವಾಗುತ್ತದೆ. ಟೈಮ್ ಸ್ಟೆಪ್ ಸೊನ್ನೆಯ ಕಡೆಗೆ ಹೋದಂತೆ ಸ್ಯಾಂಪಲ್‌ನ ವೇರಿಯನ್ಸ್ ಮಿತಿಯಿಲ್ಲದೆ ಬೆಳೆಯಬೇಕು. ಮ್ಯಾಟ್‌ಲ್ಯಾಬ್ ಜೊತೆಗಿನ ಸಿಮ್ಯುಲೇಶನ್ ತಂತ್ರಾಂಶ ಸಿಮ್ಯುಲಿಂಕ್‌ನ ಬ್ಯಾಂಡ್-ಲಿಮಿಟೆಡ್ ವೈಟ್ ನಾಯ್ಸ್ ಬ್ಲಾಕ್ ಇದನ್ನೇ ಮಾಡುತ್ತದೆ: ನೀವು ಕೊಡುವ 'ನಾಯ್ಸ್ ಪವರ್' ಸಾಂದ್ರತೆಯ ಎತ್ತರ, ಹೊರಬರುವ ವೇರಿಯನ್ಸ್ ಅದನ್ನು ಸ್ಯಾಂಪಲ್ ಅವಧಿಯಿಂದ ಭಾಗಿಸಿದ್ದು. ಆ ಖಾನೆಯಲ್ಲಿ ವೇರಿಯನ್ಸ್ ಬರೆದರೆ ತಪ್ಪು ಖಚಿತ.

ನಾಯ್ಸ್ ತುಂಬಿದ ಅಳತೆಗಳಿಂದ ವ್ಯವಸ್ಥೆಯ ಸ್ಥಿತಿಯನ್ನು ಅಂದಾಜಿಸುವ ಕಾಲ್ಮನ್ ಫಿಲ್ಟರ್ ಬಳಸುವವರಿಗೆ ಇದೇ ಮಾತು ಎರಡು ದಿಕ್ಕಿನಲ್ಲಿ ಅನ್ವಯಿಸುತ್ತದೆ. ಅಳತೆಯ ನಾಯ್ಸ್‌ನ ವೇರಿಯನ್ಸ್ ಸಾಂದ್ರತೆಯನ್ನು ಟೈಮ್ ಸ್ಟೆಪ್‌ನಿಂದ ಭಾಗಿಸಿದ್ದು. ಇಂಟಿಗ್ರೇಟರ್ ಮೂಲಕ ಸೇರುವ ಪ್ರೋಸೆಸ್ ನಾಯ್ಸ್‌ಗೆ ಪ್ರತಿ ಹೆಜ್ಜೆಯ ವೇರಿಯನ್ಸ್ ಸಾಂದ್ರತೆಯನ್ನು ಟೈಮ್ ಸ್ಟೆಪ್‌ನಿಂದ ಗುಣಿಸಿದ್ದು. ಡೆರಿವೇಟಿವ್‌ಗೆ ಸೇರಿಸಿದ ನಾಯ್ಸ್‌ನ ವೇರಿಯನ್ಸ್ ಸ್ಟೆಪ್‌ನಿಂದ ಭಾಗವಾಗಿರುತ್ತದೆ. ಇಂಟಿಗ್ರೇಶನ್‌ನಲ್ಲಿ ಅದು ಸ್ಟೆಪ್‌ನ ವರ್ಗದಿಂದ ಗುಣವಾಗುತ್ತದೆ. ಉಳಿಯುವುದು ಒಂದು ಸ್ಟೆಪ್. ಸ್ಟೆಪ್ ಅರ್ಧ ಮಾಡಿದಾಗ ಫಿಲ್ಟರ್‌ನ ಟ್ಯೂನಿಂಗ್ ಹಾಳಾಗುತ್ತದೆ ಎಂದಾದರೆ ಈ ಎರಡು ಸಾಲುಗಳನ್ನೇ ಮೊದಲು ತೆರೆದು ನೋಡಿ.

ಲಕ್ಷಣ: ಒಂದು ಶಿಖರದ ಎತ್ತರ ಎಫ್‌ಎಫ್‌ಟಿ ಉದ್ದದ ಜೊತೆ ಬದಲಾಗುತ್ತದೆ, ನಾಯ್ಸ್‌ನ ನೆಲಮಟ್ಟ ಬದಲಾಗುವುದಿಲ್ಲ

ಅದು ನಾಯ್ಸ್ ಅಲ್ಲ, ಟೋನ್, ಅಂದರೆ ಒಂದೇ ಫ್ರೀಕ್ವೆನ್ಸಿಯ ಅಲೆ. ಮೇನ್ಸ್‌ನ 50 ಅಥವಾ 60 ಹರ್ಟ್ಜ್, ಸ್ವಿಚಿಂಗ್ ಪವರ್ ಸಪ್ಲೈಯ ಫ್ರೀಕ್ವೆನ್ಸಿ, ಕ್ಲಾಕ್‌ನ ಸೋರಿಕೆ, ಇಂಥ ಯಾವುದಾದರೂ ಒಂದು. 1 ವೋಲ್ಟ್ ಆಂಪ್ಲಿಟ್ಯೂಡ್‌ನ ಸೈನ್ ಅಲೆಯ ಶಕ್ತಿ 0.5 ವೋಲ್ಟ್². ದರ 1000 ಹರ್ಟ್ಜ್, ತುಂಡು 256 ಬಿಂದು, ಹ್ಯಾನ್ ವಿಂಡೋ ಎಂದರೆ ನಾಯ್ಸ್ ಬ್ಯಾಂಡ್‌ವಿಡ್ತ್ (ಅಷ್ಟೇ ನಾಯ್ಸ್ ಬಿಡುವ ಆಯತಾಕಾರದ ಬ್ಯಾಂಡ್‌ನ ಅಗಲ) ಒಂದೂವರೆ ಬಿನ್, ಅಂದರೆ 5.86 ಹರ್ಟ್ಜ್, ಟೋನ್ ಬಿನ್‌ನ ನಡುಮಧ್ಯೆ ಬಿದ್ದರೆ ಶಿಖರ 0.085. ತುಂಡನ್ನು 1024 ಬಿಂದು ಮಾಡಿದರೆ ಅದೇ ಟೋನ್ 0.34ಕ್ಕೆ ಏರುತ್ತದೆ. ವಿಸ್ತೀರ್ಣ ಮಾತ್ರ ಎರಡರಲ್ಲೂ 0.5.

ಆದ್ದರಿಂದ ಸಾಂದ್ರತೆಯ ಗ್ರಾಫ್‌ನಲ್ಲಿ ಶಿಖರದ ಎತ್ತರ ಓದಬೇಡಿ, ಅಕ್ಕಪಕ್ಕದ ಕೆಲವು ಬಿನ್‌ಗಳ ಸಮೇತ ಕೂಡಿಸಿ. ಆ ಮೊತ್ತವನ್ನು ಒಟ್ಟು ವೇರಿಯನ್ಸ್‌ನಿಂದ ಕಳೆದರೆ ಉಳಿಯುವುದು ನಿಜವಾದ ನಾಯ್ಸ್. ಎಷ್ಟೋ ಸಲ 'ನಾಯ್ಸ್ ಹೆಚ್ಚು' ಎಂಬ ದೂರಿನ ಬಹುಪಾಲು ಈ ಒಂದು ಗೆರೆಯಲ್ಲೇ ಇರುತ್ತದೆ, ಮತ್ತು ಅದಕ್ಕೆ ಪರಿಹಾರ ಫಿಲ್ಟರ್‌ಗಿಂತ ಸರಿಯಾದ ಗ್ರೌಂಡಿಂಗ್.

ಲಕ್ಷಣ: ಫಿಲ್ಟರ್‌ನ ಆಚೆ ವೇರಿಯನ್ಸ್ 1.57 ಪಟ್ಟು ಹೆಚ್ಚು

3 ಡೆಸಿಬಲ್ ಬ್ಯಾಂಡ್‌ವಿಡ್ತ್‌ನಿಂದ ಗುಣಿಸಿದ್ದೀರಿ. ಫಸ್ಟ್ ಆರ್ಡರ್ ಆರ್‌ಸಿ ಫಿಲ್ಟರ್ ಕಟ್ಆಫ್ ಆಚೆಗೂ ನಿಧಾನವಾಗಿ ಇಳಿಯುವುದರಿಂದ ಅದರ ನಾಯ್ಸ್ ಬ್ಯಾಂಡ್‌ವಿಡ್ತ್ π/2 ಪಟ್ಟು ಅಗಲ. ಎರಡನೇ ಆರ್ಡರ್ ಬಟರ್‌ವರ್ತ್‌ಗೆ 1.11, ಮೂರನೆಯದಕ್ಕೆ 1.05. ಆಕ್ಸಿಲರೋಮೀಟರ್‌ನ ಡೇಟಾಶೀಟ್‌ನಲ್ಲಿ 100 ಮೈಕ್ರೋಜಿ / √ಹರ್ಟ್ಜ್ ಎಂದಿದ್ದು ಫಸ್ಟ್ ಆರ್ಡರ್ ಫಿಲ್ಟರ್ 100 ಹರ್ಟ್ಜ್‌ಗೆ ಇದ್ದರೆ ಆರ್‌ಎಂಎಸ್ 1 ಮಿಲಿಜಿ ಅಲ್ಲ, 1.25 ಮಿಲಿಜಿ.

ಲಕ್ಷಣ: ಹೆಚ್ಚು ಹೊತ್ತು ಅಳೆದಷ್ಟೂ ವೇರಿಯನ್ಸ್ ಬೆಳೆಯುತ್ತದೆ

ದಾಖಲೆಯ ಅವಧಿಯನ್ನು ಇಮ್ಮಡಿ ಮಾಡುತ್ತ ಹೋಗಿ, ವೇರಿಯನ್ಸ್ ಹೇಗೆ ಬೆಳೆಯುತ್ತದೆ ನೋಡಿ. ಪ್ರತಿ ಇಮ್ಮಡಿಗೆ ನಾಲ್ಕು ಪಟ್ಟಾದರೆ ಅದು ನೇರ ಗೆರೆಯ ಜಾರಿಕೆ, ಸಾಮಾನ್ಯವಾಗಿ ತಾಪದ್ದು. ಎರಡು ಪಟ್ಟಾದರೆ ರ‍್ಯಾಂಡಮ್ ವಾಕ್. ಪ್ರತಿ ಇಮ್ಮಡಿಗೂ ಒಂದೇ ಅಳತೆಯ ಸಣ್ಣ ಸೇರ್ಪಡೆ ಮಾತ್ರ ಆಗುತ್ತಿದ್ದರೆ ಅದು ಫ್ಲಿಕರ್ ನಾಯ್ಸ್, ಫ್ರೀಕ್ವೆನ್ಸಿಗೆ ವಿಲೋಮವಾಗಿ ಇಳಿಯುವ ಸಾಂದ್ರತೆ. ಅದರ ವಿಸ್ತೀರ್ಣ ಲಾಗರಿದಮ್ ಆಗಿರುವುದರಿಂದ 1ರಿಂದ 10 ಹರ್ಟ್ಜ್‌ವರೆಗೆ ಎಷ್ಟೋ, 0.1ರಿಂದ 1ರವರೆಗೂ ಅಷ್ಟೇ. ಇಂಥ ನಾಯ್ಸ್‌ಗೆ 'ವೇರಿಯನ್ಸ್ ಎಷ್ಟು?' ಎಂದು ಕೇಳುವುದೇ ಅಪೂರ್ಣ ಪ್ರಶ್ನೆ. ಎಷ್ಟು ಹೊತ್ತಿಗೆ, ಯಾವ ಬ್ಯಾಂಡ್‌ನಲ್ಲಿ ಎಂದೂ ಹೇಳಬೇಕು. ಡೇಟಾಶೀಟ್‌ಗಳು 0.1ರಿಂದ 10 ಹರ್ಟ್ಜ್‌ವರೆಗಿನ ನಾಯ್ಸ್ ಎಂದು ಬೇರೆಯೇ ಸಾಲು ಬರೆಯುವುದು ಅದಕ್ಕೇ. ಆಸಿಲೇಟರ್, ಗೈರೋ ಮುಂತಾದವುಗಳಿಗೆ 1966ರಲ್ಲಿ ಡೇವಿಡ್ ಆಲನ್ ಕೊಟ್ಟ ಆಲನ್ ವೇರಿಯನ್ಸ್ (ಪಕ್ಕಪಕ್ಕದ ಅವಧಿಗಳ ಸರಾಸರಿಗಳ ವ್ಯತ್ಯಾಸದಿಂದ ತೆಗೆಯುವುದು) ಹೆಚ್ಚು ಉಪಯುಕ್ತ.

ಲಕ್ಷಣ: ಕೋಡ್ ಸರಿಯಿದೆ, ಅಳತೆ ಮಾತ್ರ ಲೆಕ್ಕಕ್ಕಿಂತ ಹೆಚ್ಚು

ಈಗ ಬೋರ್ಡ್ ಕಡೆಗೆ ಬರಬಹುದು. ಮೊದಲು ಇನ್‌ಪುಟ್ ಶಾರ್ಟ್ ಮಾಡಿ ಅಳೆಯಿರಿ. ಅದು ಉಪಕರಣದ ಸ್ವಂತ ನಾಯ್ಸ್. ಸ್ವತಂತ್ರ ನಾಯ್ಸ್‌ಗಳ ವೇರಿಯನ್ಸ್‌ಗಳು ಕೂಡುತ್ತವೆ, ಆರ್‌ಎಂಎಸ್‌ಗಳು ಕೂಡುವುದಿಲ್ಲ. ಹಾಗಾಗಿ ಕಳೆಯುವುದಿದ್ದರೆ ವರ್ಗದಲ್ಲೇ ಕಳೆಯಿರಿ.

ಆಮೇಲೆ ಒಂದು ರೆಸಿಸ್ಟರ್ ಜೋಡಿಸಿ. 1928ರಲ್ಲಿ ಜಾನ್ಸನ್ ಅಳತೆಗಳನ್ನೂ ನೈಕ್ವಿಸ್ಟ್ ಸಿದ್ಧಾಂತವನ್ನೂ ಪ್ರಕಟಿಸಿದ ಉಷ್ಣ ನಾಯ್ಸ್ ಈಗಲೂ ಅತ್ಯಂತ ಅಗ್ಗದ ಕ್ಯಾಲಿಬ್ರೇಶನ್ ಆಕರ. ಬೋಲ್ಟ್ಸ್‌ಮನ್ ಸ್ಥಿರಾಂಕ 1.380649 × 10⁻²³ ಜೂಲ್ ಪ್ರತಿ ಕೆಲ್ವಿನ್. 300 ಕೆಲ್ವಿನ್‌ನಲ್ಲಿ 1 ಕಿಲೋಓಮ್‌ಗೆ 4.07 ನ್ಯಾನೋವೋಲ್ಟ್ / √ಹರ್ಟ್ಜ್, 100 ಕಿಲೋಓಮ್‌ಗೆ 40.7. ದೊಡ್ಡ ರೆಸಿಸ್ಟರ್ ಹಾಕುವಾಗ ಕೇಬಲ್‌ನ ಕೆಪಾಸಿಟೆನ್ಸ್ ಮರೆಯಬೇಡಿ. 100 ಕಿಲೋಓಮ್ ಮತ್ತು 100 ಪಿಕೋಫ್ಯಾರಡ್ ಸೇರಿ 16 ಕಿಲೋಹರ್ಟ್ಜ್ ಸುಮಾರಿಗೇ ಕಟ್ಆಫ್ ಆಗುತ್ತದೆ. ಆಗ ಒಟ್ಟು ಆರ್‌ಎಂಎಸ್ 6.4 ಮೈಕ್ರೋವೋಲ್ಟ್, ರೆಸಿಸ್ಟರ್ ಎಷ್ಟೇ ದೊಡ್ಡದಾದರೂ ಅದಕ್ಕಿಂತ ಏರುವುದಿಲ್ಲ: ಸಾಂದ್ರತೆ ಎಷ್ಟು ಏರುತ್ತದೋ ಬ್ಯಾಂಡ್‌ವಿಡ್ತ್ ಅಷ್ಟೇ ಕಿರಿದಾಗಿ, ವೇರಿಯನ್ಸ್ ಬೋಲ್ಟ್ಸ್‌ಮನ್ ಸ್ಥಿರಾಂಕ × ತಾಪ ÷ ಕೆಪಾಸಿಟೆನ್ಸ್ ಬಳಿ ನಿಲ್ಲುತ್ತದೆ. ಎತ್ತರವೂ ವಿಸ್ತೀರ್ಣವೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಗೊತ್ತಿಲ್ಲ.

ಸಾಂದ್ರತೆ ಹತ್ತಾರು ಪಟ್ಟು ಹೆಚ್ಚಿದ್ದರೆ ಅಲಿಯಾಸಿಂಗ್ ನೋಡಿ. ಸ್ಯಾಂಪ್ಲಿಂಗ್‌ನಿಂದ ವೇರಿಯನ್ಸ್ ಕಡಿಮೆಯಾಗುವುದಿಲ್ಲ. ನೈಕ್ವಿಸ್ಟ್ ಆಚೆಗಿನ ನಾಯ್ಸ್ ಎಲ್ಲ ಒಳಗೆ ಮಡಚಿಕೊಳ್ಳುತ್ತದೆ. 1 ಮೆಗಾಹರ್ಟ್ಜ್ ಅಗಲದ ಚಪ್ಪಟೆ ನಾಯ್ಸ್ ಅನ್ನು ಫಿಲ್ಟರ್ ಇಲ್ಲದೆ 10 ಕಿಲೋಹರ್ಟ್ಜ್‌ನಲ್ಲಿ ತೆಗೆದರೆ ಸಾಂದ್ರತೆ 200 ಪಟ್ಟು, ಅಂದರೆ 23 ಡೆಸಿಬಲ್ ಏರುತ್ತದೆ. ಪತ್ತೆ ಹಚ್ಚಲು ಸ್ಯಾಂಪ್ಲಿಂಗ್ ದರ ಇಮ್ಮಡಿ ಮಾಡಿ. ವೇರಿಯನ್ಸ್ ಹಾಗೇ ಇದ್ದು ಸಾಂದ್ರತೆ ಅರ್ಧವಾದರೆ ಅಲಿಯಾಸಿಂಗ್. ಆಮೇಲೆ ಡಿಜಿಟಲ್ ಫಿಲ್ಟರ್ ಹಾಕಿ ಪ್ರಯೋಜನವಿಲ್ಲ, ಎಡಿಸಿಯ (ಅನಲಾಗ್ ಸಿಗ್ನಲ್ ಅನ್ನು ಅಂಕಿಗಳಾಗಿಸುವ ಭಾಗದ) ಮುಂದೆ ಅನಲಾಗ್ ಫಿಲ್ಟರ್ ಬೇಕು.

ಎಚ್ಚರಿಕೆ, ಮತ್ತು ಎಲ್ಲಿ ನಿಲ್ಲಬೇಕು

ಮೇನ್ಸ್‌ನ ಹಮ್ ಹೋಗಲಿ ಎಂದು ಆಸಿಲೋಸ್ಕೋಪ್‌ನ ಅಥವಾ ಬೇರೆ ಉಪಕರಣದ ಅರ್ಥ್ ಪಿನ್ ತೆಗೆಯಲೇಬೇಡಿ. ಹಾಗೆ ಮಾಡಿದರೆ ಉಪಕರಣದ ಲೋಹದ ಮೈಯೇ ಮೇನ್ಸ್ ವೋಲ್ಟೇಜ್‌ಗೆ ಏರಬಹುದು, ಪ್ರಾಣಾಪಾಯ. ಅದಕ್ಕೆಂದೇ ಡಿಫರೆನ್ಶಿಯಲ್ ಪ್ರೋಬ್ ಇದೆ. ಸ್ವಿಚಿಂಗ್ ಪವರ್ ಸಪ್ಲೈಯ ಮುಚ್ಚಳ ತೆಗೆದು ಪ್ರೈಮರಿ ಭಾಗವನ್ನು ಮುಟ್ಟಬೇಡಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಸ್ಪೆಕ್ಟ್ರಮ್ ಅನಲೈಜರ್‌ಗೆ ಕೇಬಲ್ ಹಾಕುವ ಮೊದಲು ಇನ್‌ಪುಟ್ ಪಕ್ಕದಲ್ಲಿ ಬರೆದಿರುವ ಡಿಸಿ ಮತ್ತು ಪವರ್ ಮಿತಿ ಓದಿ; ಅನುಮಾನವಿದ್ದರೆ ಡಿಸಿ ಬ್ಲಾಕ್ ಮತ್ತು ಅಟೆನ್ಯುಯೇಟರ್ ಹಾಕಿ. ಮುಂಭಾಗದ ಮಿಕ್ಸರ್ ಒಮ್ಮೆ ಸುಟ್ಟರೆ ರಿಪೇರಿ ಬಲು ದುಬಾರಿ.

ದೋಷ ಮೇನ್ಸ್ ಜೋಡಣೆಯ ಭಾಗದಲ್ಲಿದೆ ಎನಿಸಿದರೆ, ಅಥವಾ ರೋಗಿಯ ದೇಹಕ್ಕೆ ಜೋಡಿಸುವ ಉಪಕರಣವಾಗಿದ್ದರೆ, ಅಲ್ಲಿಗೇ ನಿಲ್ಲಿಸಿ ಆ ಕೆಲಸಕ್ಕೆ ತರಬೇತಾದವರಿಗೆ ಒಪ್ಪಿಸಿ. ಶಾರ್ಟ್ ಮಾಡಿದ ಇನ್‌ಪುಟ್‌ನಲ್ಲೇ ನಾಯ್ಸ್ ಡೇಟಾಶೀಟ್‌ಗಿಂತ ಬಹಳ ಹೆಚ್ಚಿದ್ದರೆ ಉಪಕರಣ ಕ್ಯಾಲಿಬ್ರೇಶನ್‌ಗೆ ಹೋಗಬೇಕು. ಸಹಾಯ ಕೇಳುವಾಗ ಗ್ರಾಫ್‌ನ ಚಿತ್ರ ಒಂದೇ ಕಳಿಸಿದರೆ ನೋಡುವವರಿಗೆ ಏನೂ ತಿಳಿಯುವುದಿಲ್ಲ. ಕಚ್ಚಾ ಸ್ಯಾಂಪಲ್‌ಗಳು, ಸ್ಯಾಂಪ್ಲಿಂಗ್ ದರ, ವಿಂಡೋ, ತುಂಡಿನ ಉದ್ದ, ಒಂದು ಬದಿಯೋ ಎರಡೋ, ಏಕಮಾನ, ಎಡಿಸಿ ಮುಂದಿನ ಫಿಲ್ಟರ್, ಶಾರ್ಟ್ ಮಾಡಿ ತೆಗೆದ ದಾಖಲೆ, ಮತ್ತು ಆರಂಭದಲ್ಲಿ ಬರೆದಿಟ್ಟುಕೊಂಡ ಅನುಪಾತ ಇವಿಷ್ಟನ್ನೂ ಜೊತೆಗಿಡಿ.